ನಾಲ್ಕೂ ಬೇಕು ಎಂದ ಹುಡುಗಿ

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ನೂಲಿಗೆ ಬಣ್ಣ ಹಾಕುವವರು ನಾವು. ಹಿತ್ತಲಿನ ದೊಡ್ಡ ಹಂಡೆಗಳು ಬೆಳಗಿನಿಂದ ಕೊತಕೊತ ಅನ್ನುತ್ತಲೇ ಇರುತ್ತವೆ, ಆ ಸದ್ದಿನ ಮೇಲೆ ಮಾತು ಕೇಳಿಸಬೇಕಾದರೆ ಗಂಟಲು ಏರಿಸಲೇಬೇಕು. ಆದರೂ ನನ್ನ ಅಣ್ಣನ ಮಗಳು ಕಾಲೇಜು ಸೇರಿದ ದಿನ ಬೀದಿಬಾಗಿಲಿನಿಂದ ಕೂಗಿಕೊಂಡು ಬಂದಳಲ್ಲ, ಅಂಥ ಕೂಗನ್ನು ನಾನು ಈ ಮನೆಯಲ್ಲೂ ಕೇಳಿರಲಿಲ್ಲ.

“ಚಿಕ್ಕಪ್ಪಾ! ನಾಲ್ಕೂ ಕೊಟ್ರು! ನಾಲ್ಕೂ!”

“ಏನು ನಾಲ್ಕು? ಏಟಾ?” ಅಂದೆ. ಕೈಯಲ್ಲಿ ನೀಲಿ ನೂಲಿನ ಲಡಿ ಇತ್ತು, ಬಿಸಿ ನೀರು ಮೊಣಕೈವರೆಗೆ ಇಳಿಯುತ್ತಿತ್ತು, ಒಳ್ಳೆಯ ಮಾತಾಡುವ ಹೊತ್ತು ಅದಲ್ಲ.

“ವಿಷಯ ಚಿಕ್ಕಪ್ಪ, ವಿಷಯ! ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಬಯಾಲಜಿ. ಈ ಕಾಲೇಜಲ್ಲಿ ಎಲ್ಲರಿಗೂ ಮೂರೇ. ನನಗೆ ಮಾತ್ರ ನಾಲ್ಕು!”

ಅವಳಿಗೆ ಮನೆಯಲ್ಲಿ ಗಿರಗಿಟ್ಲೆ ಅಂತ ಹೆಸರು. ಇಟ್ಟವನು ನಾನೇ. ನಡೆಯಲು ಕಲಿತಾಗಿನಿಂದ ಆ ಹುಡುಗಿ ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಒಂದು ಕೇಳಿದರೆ ಎರಡು ಬೇಕು, ಎರಡು ಕೊಟ್ಟರೆ ಪಕ್ಕದಲ್ಲಿರುವುದೂ ಬೇಕು. ಈ ಗುಣ ತಿಂಡಿಯ ತಟ್ಟೆಯ ಮುಂದೆ ಸರಿ, ಕಾಲೇಜಿನಲ್ಲಿ ನಡೆಯುತ್ತದೆಯೇ? ಪ್ರಿನ್ಸಿಪಾಲರ ಕೋಣೆಗೇ ಹೋಗಿ ಹಟ ಹಿಡಿದು ಕೂತಿದ್ದಳಂತೆ. ಅವರು ಪಾಪ, ಸೋತು ಒಂದು ಷರತ್ತು ಹಾಕಿದರು. ಮೊದಲ ಪರೀಕ್ಷೆಯಲ್ಲಿ ನಾಲ್ಕೂ ಪಾಸಾಗಬೇಕು. ಯಾವುದರಲ್ಲೇ ಬಿದ್ದರೂ ನಾಲ್ಕನೆಯದಾಗಿ ಕೇಳಿ ತೆಗೆದುಕೊಂಡ ಬಯಾಲಜಿ ವಾಪಸ್ಸು.

“ಅದನ್ನ ಮೊದಲೇ ವಾಪಸ್ ಕೊಟ್ಟುಬಿಡು, ಸುಖವಾಗಿರ್ತೀಯ” ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಹಂಡೆಯ ನೀರು ತಣ್ಣಗಾಗಬೇಕಿತ್ತು.

ನಾನು ಮುಂಗೋಪಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಆದರೆ ಮೊದಲ ತಿಂಗಳು ಆ ಹುಡುಗಿಯ ಪಾಡು ನೋಡಿದ್ದರೆ ಎಂಥ ಶಾಂತಮೂರ್ತಿಗೂ ಸಿಟ್ಟು ಬರುತ್ತಿತ್ತು. ಬೆಳಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಶಾಲೆ, ಸಂಜೆ ಬಂದರೆ ಬರೆಯುವ ಕೆಲಸ. ಬೇರೆ ಮಕ್ಕಳಿಗೆ ವಾರದಲ್ಲಿ ಒಂದೆರಡು ಮಧ್ಯಾಹ್ನ ಬಿಡುವು. ಇವಳಿಗೆ ಆ ಮಧ್ಯಾಹ್ನಗಳಲ್ಲೇ ಬಯಾಲಜಿ. ಊಟದ ಡಬ್ಬಿಯನ್ನು ಮೆಟ್ಟಿಲು ಹತ್ತುತ್ತಾ ತಿಂದು ಮುಗಿಸುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಟ.

ಸೋತು ಸುಣ್ಣವಾಗಿ ಮನೆಗೆ ಬಂದಳೇ? ಇಲ್ಲ! ಅದೇ ಆಶ್ಚರ್ಯ. ಬಂದವಳೇ ಚೀಲ ಎಸೆದು, ಅಣ್ಣ ಅತ್ತಿಗೆ ನಾನು ಎಲ್ಲಿದ್ದರೂ ಹುಡುಕಿ ಹಿಡಿದು ಶುರು ಮಾಡುತ್ತಿದ್ದಳು. ಇವತ್ತು ಬೆಳಕನ್ನು ಗಾಜಿನಲ್ಲಿ ಮುರಿದರಂತೆ. ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಹತ್ತಿರ ಹೋಗಬಹುದು, ಮುಟ್ಟಲಾಗುವುದಿಲ್ಲವಂತೆ. ನೂಲು ತೊಳೆಯುವ ನಮ್ಮ ಡ್ರಮ್ಮಿನ ಹಳೇ ನೀರನ್ನು ಒಂದು ಸೀಸೆಯಲ್ಲಿ ಕದ್ದೊಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಳಂತೆ.

“ಅಪ್ಪಾ, ಒಂದು ಹನೀಲಿ ಪೇಟೆ ಬೀದಿಯಷ್ಟು ಜನ! ಒಬ್ಬ ಉದ್ದಕ್ಕಿದಾನೆ, ಒಬ್ಬ ಚಪ್ಪಲಿ ಥರ ಇದಾನೆ, ಒಬ್ಬನಿಗೆ ಮೈ ತುಂಬಾ ಕೂದಲು. ಒಬ್ಬ ಇನ್ನೊಬ್ಬನನ್ನ ನುಂಗಿಬಿಟ್ಟ, ನನ್ನ ಕಣ್ಣೆದುರಿಗೇ!”

“ಆ ನೀರಲ್ಲೇನೇ ನಾನು ನೂಲು ತೊಳೆಯೋದು?” ಅಂದ ಅಣ್ಣ. ಅವನದು ಮಾತು ಕಡಿಮೆ. ಒಂದು ಮಾತಾಡಿದರೆ ಅದು ಬಣ್ಣದ್ದೋ ನೂಲಿನದೋ ಆಗಿರುತ್ತದೆ. ಆದರೆ ಅವನ ಕೈ ನಿಂತಿತ್ತು. ಕೆಲಸದ ನಡುವೆ ಅಣ್ಣನ ಕೈ ನಿಲ್ಲುವುದು ಸಣ್ಣ ವಿಷಯವಲ್ಲ.

ಓದಿನ ರಾಶಿಯನ್ನು ಸಂಭಾಳಿಸಲು ಅವಳು ಕಂಡುಕೊಂಡ ದಾರಿ ನಮ್ಮ ಹಿತ್ತಲಿನದೇ. ನಮ್ಮಲ್ಲಿ ಎರಡು ಹಗ್ಗಗಳಿವೆ. ಹಂಡೆಯಿಂದ ತೆಗೆದ ಲಡಿಗಳನ್ನು ಮೊದಲು ಹಾಕುವುದು ಹಸಿ ಹಗ್ಗಕ್ಕೆ. ನೀರು ಬಸಿದ ಮೇಲೆ ಬಿಸಿಲಿನ ಒಣ ಹಗ್ಗಕ್ಕೆ. ಇವಳು ಏನು ಮಾಡಿದಳೆಂದರೆ, ಪ್ರತಿ ಪಾಠಕ್ಕೂ ಒಂದು ಚೀಟಿ ಬರೆದು ಕ್ಲಿಪ್ಪು ಹಾಕಿ ಹಸಿ ಹಗ್ಗಕ್ಕೆ ನೇತುಹಾಕಿದಳು. ಓದಿ ತಲೆಗೆ ಹೋದ ಮೇಲೆ ಅದನ್ನು ಒಣ ಹಗ್ಗಕ್ಕೆ ದಾಟಿಸುವುದು. ಕೆಂಪು ಚೀಟಿ ಕೆಮಿಸ್ಟ್ರಿ, ಹಸಿರು ಬಯಾಲಜಿ, ಹೀಗೆ. ನೋಡಲು ಚೆಂದವೇ. ಆದರೆ ಒದ್ದೆ ಲಡಿ ಹೊತ್ತು ಹೋಗುವವನ ಮುಖಕ್ಕೆ ನ್ಯೂಟನ್ನನ ನಿಯಮ ರಪ್ಪನೆ ಬಡಿದರೆ ಹೇಗಿರುತ್ತದೆ? ನಾನು ಕೂಗಾಡಿದೆ. ಅಣ್ಣ ಮಾತ್ರ ಚೀಟಿಗಳ ಕೆಳಗೆ ತಲೆ ಬಗ್ಗಿಸಿ ಓಡಾಡುತ್ತಿದ್ದ. ಆಮೇಲೆ ನೋಡಿದರೆ ಹೋಗುವಾಗ ಬರುವಾಗ ಅವುಗಳನ್ನು ಓದುತ್ತಿದ್ದ. “ಮೈಟೋ... ಮೈಟೋಕಾಂಡ್ರಿಯ” ಅಂತ ಬಾಯೊಳಗೇ ಹೇಳಿಕೊಳ್ಳುತ್ತಿದ್ದುದು ನನಗೆ ಕೇಳಿಸಿತು.

ಚೀಟಿಗಳು ಒಂದೊಂದಾಗಿ ಒಣ ಹಗ್ಗಕ್ಕೆ ದಾಟಿದವು. ಫಿಸಿಕ್ಸು ದಾಟಿತು, ಲೆಕ್ಕ ಅಳುತ್ತಾ ದಾಟಿತು, ಬಯಾಲಜಿ ಹಾರಿಕೊಂಡು ದಾಟಿತು. ಕೆಮಿಸ್ಟ್ರಿಯ ಒಂದು ಚೀಟಿ ಮಾತ್ರ ವಾರಗಟ್ಟಲೆ ಹಸಿ ಹಗ್ಗದಲ್ಲೇ ತೂಗಾಡುತ್ತಿತ್ತು. ಅದರ ಮೇಲೆ ಬರೆದಿದ್ದು ಟೈಟ್ರೇಷನ್ ಅಂತ.

ಅದೇನೆಂದು ನನಗೂ ಗೊತ್ತಿರಲಿಲ್ಲ. ಅವಳು ಹೇಳಿದ ಮೇಲೆ ತಿಳಿಯಿತು. ಗಾಜಿನ ಬುದ್ದಲಿಯಲ್ಲಿ ನೀರಿನಂತೆ ಕಾಣುವ ಆಸಿಡ್, ಅದರಲ್ಲಿ ಬಣ್ಣ ತೋರಿಸುವ ಮದ್ದಿನ ಒಂದೆರಡು ಹನಿ ಇರುತ್ತದೆ. ಮೇಲಿಂದ ಉದ್ದನೆಯ ನಳಿಕೆಯಲ್ಲಿ ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಆಸಿಡ್ ಮುಗಿದ ಕ್ಷಣಕ್ಕೆ ಬುದ್ದಲಿಯೊಳಗೆ ತೆಳು ಗುಲಾಬಿ ಮೂಡುತ್ತದೆ. ಅಲ್ಲಿಗೆ ನಲ್ಲಿ ಬಂದ್. ಎಷ್ಟು ದ್ರಾವಣ ಹೋಯಿತೆಂದು ಓದಿ ಲೆಕ್ಕ ಹಾಕಬೇಕು. ಇಷ್ಟೇ.

“ಬಣ್ಣದ ಕೆಲಸವೇ ಅಲ್ವೇನೇ! ನಮ್ಮ ಮನೆ ಹುಡುಗಿಗೆ ಇದು ನೀರು ಕುಡಿದ ಹಾಗೆ” ಅಂದೆ.

ನೀರು ಕುಡಿದ ಹಾಗಿರಲಿಲ್ಲ. ಪ್ರತಿ ವಾರವೂ ಅವಳ ಉತ್ತರ ತಪ್ಪು. ಒಂದು ಸಲ ತಪ್ಪಿದರೆ ಕೈ ನಡುಗಿತು ಅನ್ನಬಹುದು. ಇವಳು ಮೂರು ಸಲ ಮಾಡಿದರೆ ಮೂರೂ ಒಂದೇ ಉತ್ತರ, ಮೂರೂ ತಪ್ಪು, ಮೂರೂ ಜಾಸ್ತಿ. ಕೆಮಿಸ್ಟ್ರಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿ ಗೀಚಿ ಸುಸ್ತಾದರು. ಪರೀಕ್ಷೆಯಲ್ಲಿ ಬರುವುದು ಇದೇ ಪ್ರಯೋಗವಂತೆ. ಇದರಲ್ಲಿ ಬಿದ್ದರೆ ಕೆಮಿಸ್ಟ್ರಿಯಲ್ಲಿ ಬಿದ್ದ ಹಾಗೆ, ಕೆಮಿಸ್ಟ್ರಿಯಲ್ಲಿ ಬಿದ್ದರೆ ಬಯಾಲಜಿ ಕೈಬಿಟ್ಟ ಹಾಗೆ.

ಮನೆಯಲ್ಲಿ ಎಲ್ಲರಿಗೂ ಕಾರಣ ಸ್ಪಷ್ಟವಾಗಿತ್ತು, ನಾಲ್ಕು ವಿಷಯ ಹೊತ್ತುಕೊಂಡರೆ ಇನ್ನೇನಾಗುತ್ತದೆ! ಅತ್ತಿಗೆ ಅವಳ ತಲೆಗೆ ಎಣ್ಣೆ ತಿಕ್ಕುತ್ತಾ ಹೇಳಿದರು, “ತಲೇಲಿ ಜಾಗ ಬೇಡ್ವೇನೇ? ಒಂದನ್ನ ಬಿಡು.” ನಾನೂ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿ ಹೇಳಿದೆ. ಕಾಲೇಜಿನಲ್ಲೂ ಅದೇ ಮಾತಂತೆ. ಕೊನೆಗೆ ಅವಳೇ ನಂಬಿಬಿಟ್ಟಳು. ಒಂದು ಸಂಜೆ ಬಂದವಳು ಏನೂ ಹೇಳಲಿಲ್ಲ. ಚೀಲವನ್ನು ಮೆಲ್ಲಗೆ ಇಟ್ಟು ಹಸಿ ಹಗ್ಗದ ಕೆಳಗೆ ಕೂತಳು. ಮನೆಯಲ್ಲಿ ಹಂಡೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನಗೆ ಅದನ್ನು ತಡೆಯಲಾಗಲಿಲ್ಲ, ನಿಜ ಹೇಳುತ್ತೇನೆ. ಬೈಯಲೂ ಮನಸ್ಸಾಗಲಿಲ್ಲ.

“ಇವತ್ತು ಯಾವ ಪ್ರಾಣಿ?” ಅಂತ ಅಣ್ಣ ಕೇಳಿದ.

“ಇಲ್ಲಪ್ಪ, ಇವತ್ತು ಏನೂ ಇಲ್ಲ” ಅಂದಳು.

ಮಾರನೆಯ ದಿನ ಮತ್ತೆ ಬೀದಿಬಾಗಿಲಿನಿಂದ ಕೂಗು! ನಾನು ಲಡಿಯನ್ನು ಹಂಡೆಗೇ ಬಿಟ್ಟು ಓಡಿದೆ.

“ಚಿಕ್ಕಪ್ಪಾ, ಓದಿನ ತಪ್ಪಲ್ಲ! ನಿಮ್ಮ ತಪ್ಪು! ನಿಂದು, ಅಪ್ಪಂದು, ತಾತಂದು!”

“ನಾವೇನೇ ಮಾಡಿದ್ವಿ?”

ಆಗಿದ್ದಿಷ್ಟು. ಆ ದಿನ ಮೇಷ್ಟ್ರು ಅವಳ ಹಿಂದೆ ಬಂದು ನಿಂತು ಸುಮ್ಮನೆ ನೋಡಿದರಂತೆ. ಬುದ್ದಲಿಯಲ್ಲಿ ತೆಳು ಗುಲಾಬಿ ಬಂತು, ನಿಂತಿತು. ಇವಳು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತೃಪ್ತಿಯಿಲ್ಲದೆ ಮತ್ತೆ ಕೆಳಗಿಟ್ಟು ಇನ್ನೆರಡು ಹನಿ ಬಿಟ್ಟಳು. ಆಮೇಲೆ ತಲೆಯಾಡಿಸಿದಳು.

“ಯಾಕಮ್ಮ ಆ ಎರಡು ಹನಿ?” ಅಂತ ಮೇಷ್ಟ್ರು.

“ಒಣಗಿದ್ಮೇಲೆ ಇಳಿಯತ್ತಲ್ಲ ಸರ್.”

ಮೇಷ್ಟ್ರು ಬುದ್ದಲಿಯನ್ನು ನೋಡಿದರು, ಅವಳನ್ನು ನೋಡಿದರು. “ಇದನ್ನ ಒಣಗಿಸ್ತೀಯೇನಮ್ಮ?”

ನಾನು ಹಣೆ ಚಚ್ಚಿಕೊಂಡೆ. ಬಣ್ಣದ ಮನೆಯವರಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಹೇಳುತ್ತೇನೆ. ಒದ್ದೆ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ. ಗಿರಾಕಿ ತಂದ ಮಾದರಿಯ ಪಕ್ಕ ಹಿಡಿದಾಗ ಒದ್ದೆ ಲಡಿ ಸರಿಯಾಗಿ ಹೊಂದಿತೆಂದು ನಿಲ್ಲಿಸಿದಿರೋ ಕೆಟ್ಟಿರಿ. ಒಣಗಿದ ಮೇಲೆ ಪೇಲವ. ಆದ್ದರಿಂದ ಕಣ್ಣು ಸಾಕು ಅಂದ ಮೇಲೂ ನಾವು ಒಂದಿಷ್ಟು ಮುಂದೆ ಹೋಗುತ್ತೇವೆ. ಇದನ್ನು ಯಾರೂ ಪಾಠ ಹೇಳಿ ಕಲಿಸುವುದಿಲ್ಲ. ಆ ಹುಡುಗಿ ಮೂರಡಿ ಇದ್ದಾಗಿನಿಂದ ಅಪ್ಪನ ಪಕ್ಕ ನಿಂತು ಲಡಿ ನೋಡಿದವಳು. ಅವಳ ಕಣ್ಣಿಗೆ ತೆಳು ಗುಲಾಬಿ ಅಂದರೆ ಅರ್ಧಕ್ಕೆ ಬಿಟ್ಟ ಕೆಲಸ. ಮೂರು ಸಲವೂ ಒಂದೇ ತಪ್ಪು ಯಾಕೆ ಬಂತೆಂದರೆ, ಆ ಕಣ್ಣು ಅಷ್ಟು ಪಳಗಿದ್ದು!

ಅಣ್ಣ ಮೊದಲು ಬೆಪ್ಪಾದ. ಆಮೇಲೆ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಮಗಳು ಕಣೋ” ಅಂದ ನನಗೆ, ನನಗೆ ಗೊತ್ತಿಲ್ಲವೆಂಬಂತೆ.

ಕಾರಣ ಸಿಕ್ಕಿತು, ಆದರೆ ರೂಢಿ ಬಿಡಬೇಕಲ್ಲ. ಪರೀಕ್ಷೆಗೆ ಉಳಿದದ್ದು ಕೆಲವೇ ದಿನ, ಉಳಿದ ಮೂರು ವಿಷಯಗಳೂ ಕಾಯುತ್ತಾ ಕೂತಿವೆ. ಬೆಳಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಹಿತ್ತಲಲ್ಲಿ ಅಭ್ಯಾಸ ಇಟ್ಟುಕೊಂಡೆವು. ಬಿಳಿ ಬೋಗುಣಿಯಲ್ಲಿ ನೀರು, ನನ್ನ ಕೈಯಲ್ಲಿ ಬಣ್ಣ ತುಂಬಿದ ಡ್ರಾಪರು. ನಾನು ಹನಿ ಹಾಕುವುದು, ಅವಳು ಬೋಗುಣಿ ಅಲ್ಲಾಡಿಸುವುದು, ಬಣ್ಣ ಕಂಡ ತಕ್ಷಣ “ಸಾಕು” ಅನ್ನುವುದು. ಆರಂಭದಲ್ಲಿ ಅವಳ ಸಾಕು ಬರುವಷ್ಟರಲ್ಲಿ ಬೋಗುಣಿ ಕೆಂಪಾಗಿರುತ್ತಿತ್ತು. ಅಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವಳು ಕೊನೆಗೊಮ್ಮೆ ಸರಿಯಾದ ಜಾಗದಲ್ಲಿ ಸಾಕು ಅಂದಾಗ ಅವನಿಗೆ ತಡೆಯಲಾಗಲಿಲ್ಲ.

“ಇದು ಬಣ್ಣವೇನೇ? ಬಣ್ಣ ಈ ದಾರೀಲಿ ಹೋಗಿದ್ದರ ಗುರುತು ಇದು.”

“ಅದೇ ಬೇಕಾಗಿರೋದಪ್ಪ! ಸುಮ್ನಿರು, ಕೆಡಿಸ್ಬೇಡ!”

ಮನೆಯೆಲ್ಲ ಅವಳ ಪ್ರಯೋಗಶಾಲೆಯಾಯಿತು. ಚಹಾಕ್ಕೆ ಹಾಲು ಬಿಡುವಾಗ “ಸಾಕು!” ಬಕೆಟ್ಟಿಗೆ ನೀರು ಬಿಡುವಾಗ “ಸಾಕು!” ಅತ್ತಿಗೆ ಅವಳ ತಟ್ಟೆಗೆ ಊಟ ಬಡಿಸುವಾಗ ಎಂದೂ ಕೇಳಿರದ “ಸಾಕು!” ಅತ್ತಿಗೆ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದರು. ಇದು ಎಲ್ಲಿಗೆ ಹೋಯಿತೆಂದರೆ, ಒಂದು ದಿನ ಅಣ್ಣ ಊಟಕ್ಕೆ ಹೋದಾಗ ಹಂಡೆ ನೋಡಿಕೊಳ್ಳಲು ಇವಳನ್ನು ನಿಲ್ಲಿಸಿದ್ದ. ಬಂದು ನೋಡಿದರೆ ಲಡಿಗಳೆಲ್ಲ ಹೊರಗಿವೆ, ಮಾದರಿಯ ಪಕ್ಕ ಒದ್ದೆಯಲ್ಲೇ ಅಚ್ಚುಕಟ್ಟಾಗಿ ಹೊಂದಿಕೊಂಡಿವೆ.

“ಯಾಕೆ ತೆಗ್ದೆ?”

“ಬಣ್ಣ ಬಂತಲ್ಲಪ್ಪ!”

ಅಣ್ಣ ನಿಟ್ಟುಸಿರು ಬಿಟ್ಟು ಲಡಿಗಳನ್ನು ಮತ್ತೆ ಹಂಡೆಗೆ ಇಳಿಸಿದ. “ಮನೆಗೊಂದು ಕಣ್ಣು, ಕಾಲೇಜಿಗೊಂದು ಕಣ್ಣು ಇಟ್ಕೊಳ್ಳೇ ಮಾರಾಯ್ತಿ” ಅಂದ. ನಾನು ನಕ್ಕು ನಕ್ಕು ಸೌದೆಯ ಮೇಲೆ ಕೂತುಬಿಟ್ಟೆ.

ಪರೀಕ್ಷೆಯ ದಿನ ಅವಳನ್ನು ಸ್ಕೂಟರಿನಲ್ಲಿ ಬಿಟ್ಟವನು ನಾನು. ಬಿಟ್ಟು ಬರಬೇಕಿತ್ತು. ಬರಲಿಲ್ಲ. ಪ್ರಯೋಗಶಾಲೆ ನೆಲಮಟ್ಟದಲ್ಲಿದೆ, ಸೈಕಲ್ ನಿಲ್ಲಿಸುವ ಜಾಗದ ಕಡೆಗೆ ದೊಡ್ಡ ಕಿಟಕಿಗಳಿವೆ. ಒಂದು ಕಿಟಕಿಯ ಗಾಜಿಗೆ ಮೂಗು ಅಂಟಿಸಿ ನಿಂತೆ. ಒಳಗೆ ಸಾಲಾಗಿ ನಳಿಕೆಗಳು, ಬಿಳಿ ಕೋಟಿನ ಮಕ್ಕಳು, ನಡುವೆ ಕೈ ಹಿಂದೆ ಕಟ್ಟಿಕೊಂಡು ಮೇಷ್ಟ್ರು. ಗಿರಗಿಟ್ಲೆ ಮೂರನೆಯ ಮೇಜಿನ ತುದಿಯಲ್ಲಿದ್ದಳು. ನಾನು ಯಾವ ಪರೀಕ್ಷೆಗೂ ಹೀಗೆ ಹೆದರಿದವನಲ್ಲ. ಹೆದರಿದ್ದರೆ ಪಾಸಾಗುತ್ತಿದ್ದೆನೇನೋ.

ಅವಳು ನಲ್ಲಿ ತಿರುಗಿಸಿದಳು. ಹನಿ ಬಿತ್ತು, ಗುಲಾಬಿ ಚುಕ್ಕೆ ಮೂಡಿತು, ಬುದ್ದಲಿ ಅಲ್ಲಾಡಿಸಿದರೆ ಮಾಯ. ಮತ್ತೆ ಹನಿ, ಮತ್ತೆ ಗುಲಾಬಿ. ಈ ಸಲ ಸ್ವಲ್ಪ ಹೊತ್ತು ಇದ್ದು ಮಾಯ. ಮತ್ತೊಂದು ಹನಿ. ಬುದ್ದಲಿಯೆಲ್ಲ ತೆಳುವಾಗಿ, ಇದೆಯೋ ಇಲ್ಲವೋ ಅನ್ನುವಂತೆ ಗುಲಾಬಿ. ಅವಳು ನಲ್ಲಿ ನಿಲ್ಲಿಸಿದಳು.

ನಿಲ್ಲಿಸಿದಳು, ಆದರೆ ಕೈ ನಲ್ಲಿಯ ಮೇಲೇ ಇತ್ತು. ನಳಿಕೆಯ ತುದಿಯಲ್ಲಿ ಇನ್ನೊಂದು ಹನಿ ಅರ್ಧ ತುಂಬಿಕೊಂಡು ತೂಗುತ್ತಿತ್ತು. ಈ ಬಣ್ಣವೂ ಮಾಯವಾಗುವುದೋ, ಹಾಗೇ ನಿಲ್ಲುವುದೋ? ಮಾಯವಾದರೆ ಮತ್ತೊಂದು ಹನಿ ಬೇಕು, ನಿಂತರೆ ಬೇಡ. ಈಗ ಬಿಟ್ಟರೆ ಬಿಟ್ಟವಳು ಕಾಲೇಜಿನ ಹುಡುಗಿಯೋ, ಬಣ್ಣದ ಮನೆಯ ಹುಡುಗಿಯೋ? ಅವಳಿಗೇ ಗೊತ್ತಾಗುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು. ನನ್ನ ಕಥೆ ಕೇಳಿ. ಹೊರಗೆ ನಿಂತ ನನಗೆ ಆ ಪೇಲವ ಬಣ್ಣ ನೋಡಿ ಕೈ ತುರಿಸುತ್ತಿತ್ತು. ಎಲ್ಲ ಗೊತ್ತಿದ್ದೂ ನನ್ನ ಬಾಯಿಂದ “ಇನ್ನೊಂದು” ಅಂತ ಬಂದೇಬಿಟ್ಟಿತು. ಗಾಜಿನ ಪುಣ್ಯ, ಒಳಗೆ ಕೇಳಿಸಲಿಲ್ಲ.

ಅವಳು ಕಾದಳು. ಒಂದು ಕಡೆ ನಿಲ್ಲಲಾರದ ಹುಡುಗಿ ಕಣ್ಣು ಮಿಟುಕಿಸದೆ ನಿಂತಳು. ಬಣ್ಣ ಹೋಗಲಿಲ್ಲ. ಅವಳು ಕೈಯನ್ನು ನಲ್ಲಿಯಿಂದ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು, ಕದಿಯಲು ಹೊರಟ ಕೈಯನ್ನು ಹಿಡಿದಿಟ್ಟ ಹಾಗೆ. ಅಷ್ಟರಲ್ಲಿ ಯಾರೋ ನನ್ನ ಭುಜ ತಟ್ಟಿದರು. ಕಾಲೇಜಿನ ಕಾವಲುಗಾರ.

“ಏನ್ರೀ, ಏನ್ ಬೇಕು?”

“ಏನೂ ಬೇಡ, ಸಾಕು” ಅಂದು ಸ್ಕೂಟರಿನ ಕಡೆ ಓಡಿದೆ.

ಫಲಿತಾಂಶದ ಸಂಜೆ ಅಣ್ಣ ಹೊಸ ಹಂಡೆ ಏರಿಸಲಿಲ್ಲ. ಬೆಂಕಿ ಆರಿಸಿ, ಕೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ಕೆಲಸದ ದಿನ ಅವನನ್ನು ಹಾಗೆ ನೋಡಿ ನನಗೆ ಏನೋ ಆಗಿಹೋಯಿತು. “ಯಾಕೋ?” ಅಂದರೆ “ಸುಮ್ನೆ” ಅಂದ. ಅತ್ತಿಗೆ ಬಾಗಿಲಿಗೂ ಹಿತ್ತಲಿಗೂ ಓಡಾಡುತ್ತಿದ್ದರು.

ಕೂಗು ಬರಲಿಲ್ಲ. ಗಿರಗಿಟ್ಲೆ ಸದ್ದಿಲ್ಲದೆ ಬಂದು ಹಿತ್ತಲಿನ ಬಾಗಿಲಲ್ಲಿ ನಿಂತಳು. ಅಣ್ಣ ಎದ್ದು ನಿಂತ.

“ಹೋಗ್ಲಿ ಬಿಡು ಮಗಳೇ” ಅಂದ. ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಒಂದು ತಾನೇ ಹೋಗಿದ್ದು. ಮೂರಿದೆಯಲ್ಲ. ಮೂರು ಓದೋರೂ ಮನುಷ್ಯರೇ...”

“ಅಪ್ಪಾ.”

“ತಡಿ, ಪೂರ್ತಿ ಹೇಳ್ತೀನಿ. ನಾಲ್ಕು ಬೇಕು ಅಂತ ಕೇಳಿದ್ದು ತಪ್ಪಲ್ಲ. ಕೇಳ್ದೆ ಇದ್ದಿದ್ರೆ...”

“ಅಪ್ಪಾ, ಹೋಗ್ಲಿಲ್ಲ! ಯಾವುದೂ ಹೋಗ್ಲಿಲ್ಲ! ನಾಲ್ಕೂ ಪಾಸು! ಓಡಿ ಬಂದೆ, ಉಸಿರೇ ಇರ್ಲಿಲ್ಲ ಕೂಗೋಕೆ!”

ಅತ್ತಿಗೆ ಕಿರುಚಿದರು. ನಾನು ಕೈಗೆ ಸಿಕ್ಕ ಖಾಲಿ ಬಕೆಟ್ಟನ್ನು ತಮಟೆಯಂತೆ ಬಡಿದೆ, ಅದರ ತಳ ಬಿರುಕು ಬಿಟ್ಟಿತು, ಬಿಡಲಿ. ಹುಡುಗಿ ಹಸಿ ಹಗ್ಗದ ಕೆಳಗಿಂದ ಒಣ ಹಗ್ಗದ ಕೆಳಗಿನವರೆಗೆ ಗಿರಗಿರನೆ ತಿರುಗಿ, ಅಮ್ಮನನ್ನು ತಿರುಗಿಸಿ, ನನ್ನನ್ನು ತಿರುಗಿಸಿ ಅಪ್ಪನ ಮುಂದೆ ಬಂದು ನಿಂತಳು. ಅಣ್ಣ ಮಾತ್ರ ಅಲ್ಲೇ ನಿಂತಿದ್ದ. ಮುಖ ನಗುತ್ತಿತ್ತು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಬೆಳಗ್ಗೆಯಿಂದ ಸಮಾಧಾನದ ಮಾತು ಜೋಡಿಸಿಟ್ಟಿದ್ದೆ ಕಣೇ” ಅಂದ. “ನಂಗೆಲ್ಲಿ ಬರುತ್ತೆ ಅಂಥ ಮಾತು? ಎಷ್ಟು ಕಷ್ಟಪಟ್ಟೆ ಗೊತ್ತಾ?”

“ಹಾಗಾದ್ರೆ ಹೇಳಿಬಿಡಪ್ಪ. ಪೂರ್ತಿ ಹೇಳು, ಕೇಳ್ತೀನಿ.”

ಅವಳು ಅವನ ಮುಂದೆ ನೆಲದ ಮೇಲೆ ಕೂತೇಬಿಟ್ಟಳು. ಅಣ್ಣ ಕಟ್ಟೆಯ ಮೇಲೆ ಕೂತು, ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು, ಬಿಟ್ಟಲ್ಲಿಂದ ಶುರು ಮಾಡಿದ.

“ಕೇಳ್ದೆ ಇದ್ದಿದ್ರೆ ಇಷ್ಟು ತಿಂಗಳು ನೀನು ಮನೆಗೆ ಬಂದು ಹೇಳಿದ್ದೆಲ್ಲ ಯಾರು ಹೇಳ್ತಿದ್ರು? ನೀನು ಅಲ್ಲಿ ಓದ್ತಿದ್ದೆ, ನಾನು ಇಲ್ಲಿ ಹಂಡೆ ಮುಂದೆ ನಿಂತು ಓದ್ತಿದ್ದೆ. ಅದನ್ನ ಯಾರೂ ವಾಪಸ್ ತಗೊಳ್ಳೋಕಾಗಲ್ಲ. ಮುಂದೆ ಹೇಳೋಕೆ ಏನೂ ಇಲ್ಲದಿದ್ರೂ ಪರವಾಗಿಲ್ಲ, ಸಂಜೆ ಬಂದು ನನ್ನ ಹತ್ತಿರ ಕೂತ್ಕೋ. ಅಷ್ಟೇ. ಇದನ್ನೇ ಹೇಳ್ಬೇಕು ಅಂತಿದ್ದೆ.”

ಮುಂಗೋಪಿಯಾದ ನಾನೂ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಹುಡುಗಿ ಅಪ್ಪನ ಮೊಣಕಾಲಿಗೆ ತಲೆ ಒತ್ತಿ, ಅಳುತ್ತಾ ನಗುತ್ತಾ, ಆಮೇಲೆ ನಗುತ್ತಲೇ ಕಣ್ಣೊರೆಸಿಕೊಂಡಳು.

“ನಾಳೆ ಎರೆಹುಳ ಅಪ್ಪ. ಅದಕ್ಕೆ ಹೃದಯ ಒಂದಲ್ಲವಂತೆ, ಸಾಲಾಗಿ ಹಲವು ಇವೆಯಂತೆ.”

ಅಣ್ಣ ಕಟ್ಟೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿದ.

“ಹಲವಾ? ಬಾ, ಇಲ್ಲಿ ಕೂತು ಹೇಳು.”